ಪಿಸಿಎಲ್ ಕಾಳಿನಿಂದ ಜಡೆಬಿಲ್ಲೆ: ಕಲಿಯುವವರಿಗೆ ಟಿಪ್ಪಣಿ

ಬಿಸಿನೀರಲ್ಲಿ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗುವ ಬಿಳಿ ಕ್ರಾಫ್ಟ್ ಪ್ಲಾಸ್ಟಿಕ್ ಕಾಳು ಸಾಮಾನ್ಯವಾಗಿ ಪಾಲಿಕ್ಯಾಪ್ರೊಲ್ಯಾಕ್ಟೋನ್, ಅಂದರೆ ಪಿಸಿಎಲ್. ಕರಗುವುದು ಸುಮಾರು 60 ಡಿಗ್ರಿಗೆ. ಈ ಅಂಕಿ ನೆನಪಿರಲಿ, ಮುಂದಿನ ಬಹುಪಾಲು ತಾಪತ್ರಯಗಳ ಮೂಲ ಇದೇ.

ಮೊದಲು ತೂಕ. 4 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಬಿಲ್ಲೆಗೆ ಸುಮಾರು 4.3 ಗ್ರಾಂ ಬೇಕು. ದಪ್ಪ ಅಷ್ಟೇ ಇಟ್ಟು ಅಗಲ ಅರ್ಧ ಮಾಡಿದರೆ ತೂಕ ಕಾಲುಭಾಗಕ್ಕಿಳಿಯುತ್ತದೆ. ಹಾಗಾಗಿ ಜಡೆಯ ತುದಿಯ 2 ಸೆಂ.ಮೀ. ಬಿಲ್ಲೆಗೆ 1.1 ಗ್ರಾಂ ಸಾಕು. ದೊಡ್ಡದರಿಂದ ಚಿಕ್ಕದಕ್ಕೆ ಸಮನಾಗಿ ಇಳಿಯುವ ಒಂಬತ್ತು ಬಿಲ್ಲೆಗೆ 23 ಗ್ರಾಂ. ಕಲ್ಲಿನ ಕಟ್ಟು, ಅಂಚಿನ ಅಲಂಕಾರ ಸೇರಿ 30 ಗ್ರಾಂ ತೆಗೆದಿಡಿ.

ಸ್ಟೀಲ್ ಪಾತ್ರೆಯಲ್ಲಿ ಕುದಿಯುವ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಬೆರೆಸಿದರೆ 70 ಡಿಗ್ರಿಯ ಆಸುಪಾಸು ಬರುತ್ತದೆ. ಪ್ಲಾಸ್ಟಿಕ್ ಬಟ್ಟಲು ಬೇಡ, ಕಾಳು ತಳಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಬೆಂದ ಸಬ್ಬಕ್ಕಿಯಂತೆ ಕಾಳು ಪೂರ್ತಿ ಪಾರದರ್ಶಕವಾದಾಗ ಚಮಚದಿಂದ ಎತ್ತಿ. ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಕರಗಿಲ್ಲ. ಕುದಿಯುವ ನೀರಿಗೇ ಹಾಕಿದರೆ ಕೈ ಸುಡುತ್ತದೆ, ಮುದ್ದೆ ಅಂಟಂಟಾಗುತ್ತದೆ. ಎತ್ತಿದ ಮುದ್ದೆಯನ್ನು ಮಡಚಿ ಮಡಚಿ ಹಿಂಡಿ. ಒಳಗೆ ನೀರು ಉಳಿದರೆ ಅಲ್ಲೇ ಪೊಳ್ಳಾಗಿ ಬಿಲ್ಲೆ ಮುರಿಯುತ್ತದೆ.

ಬಣ್ಣಕ್ಕೆ ಒಣ ಮೈಕಾ ಪುಡಿ ಉತ್ತಮ. ಚಿಟಿಕೆಯಷ್ಟು ಹಾಕಿ ನಾದಿ. ಬಿಸಿಯಲ್ಲಿ ಗಾಢವಾಗಿ ಕಾಣುವ ಬಣ್ಣ ಆರಿದ ಮೇಲೆ ಪೇಲವವಾದರೆ ಪುಡಿಯನ್ನು ಬೈಯಬೇಡಿ. ತಣ್ಣಗಾಗುವಾಗ ಪ್ಲಾಸ್ಟಿಕ್ಕಿನೊಳಗೆ ಸಣ್ಣ ಹರಳುಗಳು ಕಟ್ಟಿ ಬೆಳಕನ್ನು ಚದುರಿಸುತ್ತವೆ, ಬಿಳುಪು ಬರುವುದು ಅದರಿಂದ. ಬೇಕಾದ್ದಕ್ಕಿಂತ ಒಂದು ಛಾಯೆ ಗಾಢವಾಗಿಯೇ ಕಲಸಿ.

ಅಚ್ಚಿಗೆ ಸಿಲಿಕೋನ್ ಸಲೀಸು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚೂ ಆಗುತ್ತದೆ, ಆದರೆ ಮೊದಲು ನೀರಲ್ಲಿ ನೆನೆಸಬೇಕು. ಒಣ ಮರಕ್ಕೆ ಬಿಸಿ ಪಿಸಿಎಲ್ ಹಿಡಿದುಕೊಳ್ಳುತ್ತದೆ. ಇದಕ್ಕೆ ಬಳಸಿದ ಅಚ್ಚನ್ನು ಮತ್ತೆ ಸಕ್ಕರೆಗೆ ಬಳಸಬೇಡಿ.

ಹೆಚ್ಚಿನವರು ಸೋಲುವುದು ಜೋಡಣೆಯಲ್ಲಿ. ತಣ್ಣಗಾದ ಬಿಲ್ಲೆಯ ಮೇಲೆ ಬಿಸಿ ಎಳೆ ಒತ್ತಿದರೆ ಆಗ ಕೂತಂತೆ ಕಂಡು, ಮರುದಿನ ಉಗುರಿಗೆ ಎದ್ದು ಬರುತ್ತದೆ. ಎರಡೂ ಮೈ ಒಣಗಿರಬೇಕು, ಎರಡೂ ಮೇಲ್ಪದರ ಪಾರದರ್ಶಕವಾಗುವಷ್ಟು ಬಿಸಿಯಾಗಿರಬೇಕು. ಬಟ್ಟೆಯಿಂದ ಒರೆಸಿ, ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ದೂರದಿಂದ ಬಿಸಿ ಕೊಟ್ಟು, ಆಮೇಲೆ ಒತ್ತಿ. ಗಾಜಿನ ಕಲ್ಲಿಗೆ ಇದು ಸರಿಯಾಗಿ ಅಂಟುವುದಿಲ್ಲ. ಕಲ್ಲನ್ನು ಒತ್ತಿ ಕೂರಿಸಿ, ಸುತ್ತ ತೆಳು ಎಳೆ ಇಟ್ಟು, ಕಲ್ಲಿನ ಅಂಚಿನ ಮೇಲೆ ಒಂದು ಕೂದಲೆಳೆಯಷ್ಟು ಮಗುಚಿ. ಹಿಂಬದಿಯ ಕೊಂಡಿಗೆ 1 ಮಿ.ಮೀ. ತಾಮ್ರದ ತಂತಿ ಸಾಕು. ಎರಡೂ ತುದಿಯನ್ನು ಹೊರಕ್ಕೆ ಬಾಗಿಸಿಯೇ ಹುದುಗಿಸಿ. ನೇರ ತುದಿ ಜಡೆ ಎಳೆತಕ್ಕೆ ಜಾರಿ ಬರುತ್ತದೆ.

ಉಬ್ಬು ಸರಿಯಿಲ್ಲವೆಂದರೆ ಮತ್ತೆ ಬಿಸಿನೀರಿಗೆ ಹಾಕಿ ಶುರುಮಾಡಬಹುದು, ಇದು ಈ ವಸ್ತುವಿನ ದೊಡ್ಡ ಉಪಕಾರ. ಆದರೆ ಅದೇ ಗುಣ ತಲೆಗೇರಿದ ಮೇಲೂ ಬಿಡುವುದಿಲ್ಲ. ಕೂದಲಿಗೆ ಡ್ರೈಯರ್ ಹಿಡಿಯುವುದಿದ್ದರೆ ಬಿಲ್ಲೆ ಕಟ್ಟುವ ಮೊದಲೇ ಹಿಡಿಯಿರಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಬಿಲ್ಲೆಯ ಉಬ್ಬು ಚಪ್ಪಟೆಯಾಗಿ ಕಲ್ಲು ಕಳಚಬಹುದು.