ಚೆಕ್ ಎಂಜಿನ್ ಲೈಟ್ ಬಂತು, ಗ್ಯಾರೇಜಿನವರು 45 ಸಾವಿರ ಅಂದರು. ಮಾಡಿಸಬೇಕಾ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಕಾರು. 80 ಸಾವಿರ ಕಿಲೋಮೀಟರ್ ಓಡಿದೆ. ಮೀಟರಿನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟ್ ಹತ್ತಿಕೊಂಡಿದೆ, ಆರುತ್ತಿಲ್ಲ. ಗಾಡಿ ಮಾತ್ರ ಚೆನ್ನಾಗೇ ಓಡುತ್ತಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ‘ಪಿ0420 ಅಂತ ಕೋಡ್ ಬಂದಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, 45 ಸಾವಿರ ಆಗುತ್ತೆ’ ಅಂದರು. ಮಾಡಿಸಲೇಬೇಕಾ?

ಉತ್ತರ: ಈಗಲೇ ಬೇಡ. ಕ್ಯಾಟಲಿಟಿಕ್ ಕನ್ವರ್ಟರ್ ಅಂದರೆ ಎಕ್ಸಾಸ್ಟ್ ಪೈಪಿನಲ್ಲಿ ಕೂತು ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ. ಅವರು ಹೇಳಿದ್ದು ಸುಳ್ಳು ಅಂತಲ್ಲ. ಆದರೆ ಬರೀ ಕೋಡ್ ನೋಡಿ ಅಷ್ಟು ದುಡ್ಡಿನ ತೀರ್ಮಾನ ಮಾಡಬಾರದು.

ಮೊದಲು ಒಂದು ಮಾತು. ನಿಮ್ಮ ಲೈಟ್ ಸುಮ್ನೆ ಹತ್ತಿಕೊಂಡಿದೆ, ಮಿಣುಕುತ್ತಿಲ್ಲ. ಮಿಣುಕಿದರೆ ಕಥೆ ಬೇರೆ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಸುಡದ ಪೆಟ್ರೋಲ್ ಹಾಗೇ ಕನ್ವರ್ಟರಿಗೆ ಹೋಗುತ್ತಿದೆ ಅಂತ ಅರ್ಥ. ಅದು ಅಲ್ಲಿ ಹೊತ್ತಿ ಉರಿದರೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿಯೇ ಹೋಗಬಹುದು. ಆಗ ಎಕ್ಸಲರೇಟರ್ ಬಿಟ್ಟು, ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ಒಂದು ಸ್ಪಾರ್ಕ್ ಪ್ಲಗ್ಗೋ ಕಾಯಿಲ್ಲೋ ಬದಲಿಸಿದರೆ ಮುಗಿಯುವ ಕೆಲಸವನ್ನು ನಾವೇ ದೊಡ್ಡದು ಮಾಡಿಕೊಳ್ಳುವುದು ಹೀಗೆ.

ಈಗ ನಿಮ್ಮ ಪಿ0420. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ, ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡುವುದು ಅದರ ಕೆಲಸ. ಮನೆಯ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಮೇಲೆ ನೀರು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಬಂದು ಬೀಳುತ್ತದೆ. ಕೆಳಗಿನ ನಲ್ಲಿಯಲ್ಲಿ ಮಾತ್ರ ಒಂದೇ ಸಮ ಬರುತ್ತದೆ ಅಲ್ವಾ? ಒಳ್ಳೆಯ ಕನ್ವರ್ಟರ್ ಕೂಡ ಹಾಗೇ ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು ಬಿಡುತ್ತದೆ. ಹೆಚ್ಚಿನ ಹಳೆ ಮಾದರಿಗಳಲ್ಲಿ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿರುತ್ತದೆ. ಹಿಂದಿನದು 0.6-0.7 ವೋಲ್ಟಿನ ಆಸುಪಾಸಿನಲ್ಲಿ ಹೆಚ್ಚು ಕಡಿಮೆ ಕದಲದೆ ನಿಲ್ಲಬೇಕು. ಹಿಂದಿನದೂ ಕುಣಿಯಲು ಶುರು ಮಾಡಿದರೆ ಕಂಪ್ಯೂಟರ್ ಲೈಟ್ ಹಾಕುತ್ತದೆ. ಅದು ಹೇಳುವುದು ಇಷ್ಟೇ: ‘ಹಿಂದಿನ ಸೆನ್ಸರಿನ ಲೆಕ್ಕ ಸರಿಯಿಲ್ಲ.’ ಯಾವ ಸಾಮಾನು ಹೋಗಿದೆ ಅಂತ ಅದಕ್ಕೆ ಗೊತ್ತಿಲ್ಲ.

ಲೆಕ್ಕ ತಪ್ಪುವುದಕ್ಕೆ ಅಗ್ಗದ ಕಾರಣಗಳೂ ಇವೆ. ಎಲ್ಲಕ್ಕಿಂತ ಅಗ್ಗದ್ದು ಎಕ್ಸಾಸ್ಟ್ ಪೈಪಿನ ಲೀಕ್. ಸೆನ್ಸರಿನ ಹತ್ತಿರ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ ಮೋಸ ಹೋಗುತ್ತದೆ. ನನ್ನ ಕಾರಿಗೂ ಒಮ್ಮೆ ಎರಡೂ ಸೆನ್ಸರ್ ಬದಲಿಸಲು ಎಸ್ಟಿಮೇಟ್ ಕೊಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಸುಟ್ಟುಹೋದ ಒಂದು ಗ್ಯಾಸ್ಕೆಟ್, ಅಂದರೆ ಪೈಪಿನ ಜಾಯಿಂಟಿನಲ್ಲಿ ಲೀಕ್ ಆಗದಂತೆ ಹಾಕುವ ಪಟ್ಟಿ. ಅದಕ್ಕೆ ಮೊದಲು ಒಂದು ಸೆನ್ಸರ್ ಬದಲಿಸಿಯೇ ಬಿಟ್ಟಿದ್ದೆ, ಆ ಮಾತು ಬೇರೆ.

ಲೀಕ್ ನೋಡುವುದು ಕಷ್ಟವಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಪ್ ಟಪ್ ಅಂತಲೋ, ಬುಸ್ ಅಂತಲೋ ಕೇಳಿಸುತ್ತದೆಯಾ? ಮೆಕ್ಯಾನಿಕ್ ದಪ್ಪ ಬಟ್ಟೆಯಿಂದ ಹಿಂದಿನ ಪೈಪಿನ ಬಾಯನ್ನು ಒಂದೆರಡು ಕ್ಷಣ ಒತ್ತಿ ಹಿಡಿದರೆ ಆ ಸದ್ದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜಾಯಿಂಟುಗಳ ಸುತ್ತ ಕಪ್ಪು ಮಸಿ ಕೂತಿದ್ದರೆ ಅಲ್ಲೇ ಲೀಕ್. ಉಡುಪಿ, ಮಂಗಳೂರಿನ ಕಡೆಯವರು ತುಕ್ಕನ್ನೂ ನೋಡಬೇಕು. ಉಪ್ಪು ಗಾಳಿಗೆ ಸೈಲೆನ್ಸರ್ ಬೇಗ ತಿಂದುಹೋಗುತ್ತದೆ. ಬರೀ ಎರಡು ಮೂರು ಕಿಲೋಮೀಟರ್ ಓಡಿಸುವವರ ಗಾಡಿಯಲ್ಲಿ ಒಳಗಿನ ನೀರು ಆರದೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಹೊಗೆ ವಾಸನೆ ಕಾರಿನ ಒಳಗೇ ಬರುತ್ತಿದ್ದರೆ ತಡ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವಕ್ಕೇ ಅಪಾಯ.

ಇನ್ನು ದುಡ್ಡಿನ ವಿಷಯ. ಇದು ಸಾಮಾನ್ಯ ಚಿಕ್ಕ ಕಾರಿಗೆ, ಹೊರಗಿನ ಗ್ಯಾರೇಜಿನ ಅಂದಾಜು. ಸೈಲೆನ್ಸರ್ ನೇತುಹಾಕುವ ರಬ್ಬರಿಗೆ ನೂರಿನ್ನೂರು ರೂಪಾಯಿ. ತೂತಿಗೆ ವೆಲ್ಡಿಂಗ್ 500ರಿಂದ 1,500. ಗ್ಯಾಸ್ಕೆಟ್ ಕೂಲಿ ಸೇರಿ ಹೆಚ್ಚೆಂದರೆ 2,000. ಫ್ಲೆಕ್ಸಿಬಲ್ ಪೈಪ್ ಬದಲಿಸಲು 2,000ದಿಂದ 5,000. ಆಕ್ಸಿಜನ್ ಸೆನ್ಸರ್ ಒಂದಕ್ಕೆ 2,500ರಿಂದ 8,000. ಕನ್ವರ್ಟರ್ ಮಾತ್ರ 25 ಸಾವಿರದಿಂದ ಲಕ್ಷದ ಮೇಲಕ್ಕೂ ಹೋಗುತ್ತದೆ. ಹಾಗಾಗಿ ನಿಮಗೆ ಹೇಳಿದ 45 ಸಾವಿರ ಜಾಸ್ತಿ ಅಂತ ನಾನು ಹೇಳುವುದಿಲ್ಲ. ಆದರೆ ಆ ದುಡ್ಡು ಕೊಡುವ ಮೊದಲು ಎರಡೂ ಸೆನ್ಸರಿನ ಲೈವ್ ರೀಡಿಂಗ್ ಸ್ಕ್ಯಾನರಿನಲ್ಲಿ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಬೇರೆ ಗ್ಯಾರೇಜಿಗೆ ಹೋಗಿ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿ ಆಸುಪಾಸಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಮೊಬೈಲಿನಲ್ಲೇ ನೋಡಬಹುದು.

ಕನ್ವರ್ಟರೇ ಹೋಗಿದೆ ಅಂತ ಖಚಿತವಾದರೆ ಇನ್ನೊಂದು ಪ್ರಶ್ನೆ: ಯಾಕೆ ಹೋಯಿತು? 80 ಸಾವಿರಕ್ಕೆ ಅದು ಸುಮ್ಮಸುಮ್ಮನೆ ಹೋಗುವ ಸಾಮಾನಲ್ಲ. ಮಿಸ್ಸಿಂಗ್ ಇತ್ತಾ, ಎಂಜಿನ್ ಆಯಿಲ್ ಕುಡಿಯುತ್ತಿದೆಯಾ, ಅದನ್ನು ಮೊದಲು ಸರಿ ಮಾಡಿಸಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

‘ಒಳಗಿನದ್ದು ಒಡೆದು ಖಾಲಿ ಮಾಡಿಬಿಡ್ತೀವಿ, ಸಾವಿರ ರೂಪಾಯಿ ಕೊಡಿ’ ಅನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಹೊಗೆ ತಪಾಸಣೆಯಲ್ಲಿ ಫೇಲಾಗಬಹುದು, ಲೈಟೂ ಆರುವುದಿಲ್ಲ. ಬ್ಯಾಟರಿ ವೈರ್ ಬಿಚ್ಚಿ ಕೋಡ್ ಅಳಿಸಿದರೂ ಅಷ್ಟೇ, ಕೆಲವು ದಿನ ಓಡಿಸಿದ ಮೇಲೆ ಲೈಟ್ ಮತ್ತೆ ಬರುತ್ತದೆ.

ಹೊಸದು ಹಾಕಿಸಲೇಬೇಕಾಗಿ ಬಂದರೆ ಹಳೆಯದನ್ನು ವಾಪಸ್ ಕೇಳಿ ಪಡೆಯಿರಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಗುಜರಿಯವರು ಒಳ್ಳೆ ಬೆಲೆ ಕೊಡುತ್ತಾರೆ. ಅದನ್ನು ಗ್ಯಾರೇಜಿಗೇ ಬಿಡುವುದಾದರೆ ಬಿಲ್ಲಿನಲ್ಲಿ ಆ ದುಡ್ಡು ಕಳೆಯಲು ಹೇಳಿ.