ಪದ ಪರಿಚಯ: ಹೋಮ್‌ಗ್ರೋನ್ ಆಟಗಾರ

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಪ್ರೀಮಿಯರ್ ಲೀಗ್‌ನಲ್ಲಿ ಕ್ಲಬ್‌ಗಳು ಕೊಡುವ ಆಟಗಾರರ ಪಟ್ಟಿಯಲ್ಲಿ ಹೆಚ್ಚೆಂದರೆ 25 ಹೆಸರು. ಅದರಲ್ಲಿ ಹೋಮ್‌ಗ್ರೋನ್ (ಅಲ್ಲಿನ ಕ್ಲಬ್‌ಗಳಲ್ಲೇ ಬೆಳೆದವರು) ಅಲ್ಲದವರು 17 ಮಂದಿ ಮೀರುವಂತಿಲ್ಲ. 2010–11ರ ಋತುವಿನಿಂದ ಇದೇ ನಿಯಮ. ಹೋಮ್‌ಗ್ರೋನ್ ಆಟಗಾರರು ಐವರೇ ಇದ್ದರೆ ಪಟ್ಟಿ 22ಕ್ಕೇ ನಿಲ್ಲುತ್ತದೆ, ಉಳಿದ ಜಾಗ ಖಾಲಿ. 21 ವರ್ಷದೊಳಗಿನವರು ಈ ಎಣಿಕೆಗೆ ಬರುವುದಿಲ್ಲ.

21 ತುಂಬುವ ಋತು ಮುಗಿಯುವುದರೊಳಗೆ ಇಂಗ್ಲೆಂಡ್ ಅಥವಾ ವೇಲ್ಸ್‌ನ ಫುಟ್‌ಬಾಲ್ ಸಂಸ್ಥೆಗೆ ಸೇರಿದ ಕ್ಲಬ್‌ಗಳಲ್ಲಿ ಒಟ್ಟು ಮೂರು ಋತು ಅಥವಾ 36 ತಿಂಗಳು ನೋಂದಣಿಯಾಗಿದ್ದವನು ಹೋಮ್‌ಗ್ರೋನ್. ಯಾವ ದೇಶದವನು ಎಂದು ಯಾರೂ ಕೇಳುವುದಿಲ್ಲ. ಸ್ಪೇನ್‌ನ ಸೆಸ್ಕ್ ಫ್ಯಾಬ್ರೆಗಾಸ್ 2003ರಲ್ಲಿ, 16ರ ಹರೆಯದಲ್ಲೇ ಆರ್ಸೆನಲ್ ಸೇರಿದ್ದರಿಂದ ಹೋಮ್‌ಗ್ರೋನ್. ಇಂಗ್ಲೆಂಡ್ ಪರ ಆಡಿದ ಎರಿಕ್ ಡೈಯರ್ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಬೆಳೆದು 2014ರಲ್ಲಿ ಟಾಟನ್‌ಹ್ಯಾಮ್‌ಗೆ ಬಂದದ್ದರಿಂದ ಹೋಮ್‌ಗ್ರೋನ್ ಅಲ್ಲ.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎಯ ನಿಯಮ ಇನ್ನೂ ಬಿಗಿ. ಚಾಂಪಿಯನ್ಸ್ ಲೀಗ್‌ನ 25ರ ಪಟ್ಟಿಯಲ್ಲಿ ಎಂಟು ಜಾಗ ದೇಶದಲ್ಲೇ ತಯಾರಾದವರಿಗೆ ಮೀಸಲು. ಅದರಲ್ಲೂ ನಾಲ್ಕು, 15ರಿಂದ 21ರ ವಯಸ್ಸಿನ ನಡುವೆ ಮೂರು ವರ್ಷ ಅದೇ ಕ್ಲಬ್‌ನಲ್ಲಿ ಇದ್ದವರಿಗೆ. ದುಡ್ಡಿದ್ದ ಕ್ಲಬ್‌ಗಳೂ ಎಡವುವುದು ಇಲ್ಲೇ: ಮಿಕ್ಕ ನಾಲ್ವರನ್ನು ಪಕ್ಕದ ಕ್ಲಬ್‌ನಿಂದ ಕೊಳ್ಳಬಹುದು, ಈ ನಾಲ್ವರನ್ನು ತಾವೇ ಬೆಳೆಸಬೇಕು.

ಹಾಗಾದರೆ ಬೆಳೆಸಿದವರನ್ನು ಮಾರುವುದೇಕೆ? ಕಾರಣ ಲೆಕ್ಕಪುಸ್ತಕದಲ್ಲಿದೆ. 6 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ತಂದ ಆಟಗಾರನ ಖರ್ಚನ್ನು ವರ್ಷಕ್ಕೆ 1.2 ಕೋಟಿಯಂತೆ ಹಂಚಿ ಬರೆಯುತ್ತಾರೆ. ಎರಡು ವರ್ಷದ ನಂತರ ಪುಸ್ತಕದಲ್ಲಿ ಅವನ ಬೆಲೆ 3.6 ಕೋಟಿ. ಆಗ 4 ಕೋಟಿಗೆ ಮಾರಿದರೆ ಲಾಭ ಬರೀ 40 ಲಕ್ಷ. ಅಕಾಡೆಮಿಯಲ್ಲಿ, ಅಂದರೆ ಕ್ಲಬ್‌ನ ತರಬೇತಿ ಶಾಲೆಯಲ್ಲಿ, ಬೆಳೆದ ಹುಡುಗನಿಗೆ ಖರೀದಿ ಬೆಲೆಯೇ ಇಲ್ಲ, ಅದೇ 4 ಕೋಟಿ ಪೂರ್ತಿ ಲಾಭ. ಕ್ಲಬ್‌ಗಳ ನಷ್ಟ ಇಷ್ಟನ್ನು ಮೀರಬಾರದು ಎಂಬ ನಿಯಮವೂ ಇದೆ. ಆ ಮಿತಿ ಮೀರುವ ಭಯದಲ್ಲಿರುವ ಕ್ಲಬ್ ಮೊದಲು ಕೈ ಹಾಕುವುದು ಅವನ ಮೇಲೆಯೇ. ಹುಡುಗರನ್ನು ಬೆಳೆಸಲೆಂದು ಒಂದು ನಿಯಮ, ಬೆಳೆದವರನ್ನು ಹೊರದೂಡುವ ಇನ್ನೊಂದು ನಿಯಮ. ಇದು ನಿಜಕ್ಕೂ ಅನ್ಯಾಯ.

ಆರನೇ ವಯಸ್ಸಿನಿಂದ ಚೆಲ್ಸಿಯಲ್ಲಿದ್ದ ಮೇಸನ್ ಮೌಂಟ್‌ನನ್ನು 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 5.5 ಕೋಟಿ ಪೌಂಡ್‌ಗೆ ಕೊಂಡಿತು, ಷರತ್ತಿನ ಮೊತ್ತ ಬೇರೆ. ಅಲ್ಲೂ ಅವನು ಹೋಮ್‌ಗ್ರೋನೇ. ಆದರೆ ಯುಇಎಫ್ಎ ಕೇಳುವ ಆ ನಾಲ್ವರಲ್ಲಿ ಒಬ್ಬನಾಗಿ ಚೆಲ್ಸಿ ಬಿಟ್ಟು ಬೇರೆಲ್ಲೂ ಲೆಕ್ಕಕ್ಕೆ ಬರಲಾರ.