ಎದೆಗೊಂದು ಬಿಸಿ, ತೊಡೆಗೊಂದು ಬಿಸಿ

ಚಿಂತಾಮಣಿಯ ಕೋಳಿ ಅಂಗಡಿಯಲ್ಲಿ ‘ಚರ್ಮ ತೆಗೀಬೇಡಿ, ಪೀಸ್ ಮಾಡಬೇಡಿ, ಇಡೀ ಕೋಳಿ ಕೊಡಿ’ ಎಂದು ನೋಡಿ. ಅಂಗಡಿಯವರು ಕತ್ತಿ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ. ನಮ್ಮ ಕಡೆ ಕೋಳಿ ಎಂದರೆ ಸಾರು, ಮುದ್ದೆ. ಮಸಾಲೆಯಲ್ಲಿ ಕುದಿಯುವಾಗ ಯಾವ ಪೀಸ್ ಮೊದಲು ಬೆಂದಿತು ಎಂದು ಯಾರೂ ಕೇಳುವುದಿಲ್ಲ. ಇಡೀ ಕೋಳಿಯನ್ನು ಓಟಿಜಿ (ಮನೆಯ ಪುಟ್ಟ ಕರೆಂಟ್ ಓವನ್) ಒಳಗಿಟ್ಟಾಗ ಮಾತ್ರ ಈ ತಕರಾರು ಶುರುವಾಗುತ್ತದೆ. ಅದರ ಮೈಯಲ್ಲಿರುವುದು ಎರಡು ಬಗೆಯ ಮಾಂಸ. ಒಂದಕ್ಕೆ ಸಾಕಾದ ಬಿಸಿ ಇನ್ನೊಂದಕ್ಕೆ ಸಾಲದು.

ಕೋಳಿ ದಿನವಿಡೀ ನಡೆಯುವ, ಕೆದಕುವ ಹಕ್ಕಿ. ಹಾರುವುದೇನಿದ್ದರೂ ನಾಯಿ ಅಟ್ಟಿಸಿಕೊಂಡು ಬಂದಾಗ, ಅದೂ ಗೋಡೆ ಹತ್ತುವಷ್ಟು. ಬಿಡುವಿಲ್ಲದೆ ದುಡಿಯುವ ತೊಡೆಗೆ ಆಮ್ಲಜನಕ ಸದಾ ಬೇಕು. ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಅಲ್ಲಿ ಜಾಸ್ತಿ, ಅದಕ್ಕೇ ಬಣ್ಣ ಗಾಢ. ಮಾಂಸದ ಎಳೆಗಳನ್ನು ಬಿಗಿದಿಡುವ ಕೊಲಾಜನ್ ಕೂಡ ಅಲ್ಲೇ ಹೆಚ್ಚು. ರೆಕ್ಕೆ ಬಡಿಯುವ ಎದೆಯಲ್ಲಿ ಇವೆರಡೂ ಕಡಿಮೆ, ಕೊಬ್ಬೂ ಕಡಿಮೆ.

ಮಾಂಸದ ಒಳಗಿನ ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮಯೋಸಿನ್ ಎಂಬ ಪ್ರೋಟೀನ್ ಗಟ್ಟಿಯಾಗತೊಡಗುತ್ತದೆ. 66ರಿಂದ 73ರ ಒಳಗೆ ಆ್ಯಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಸರದಿ. ಆಗ ಮಾಂಸದ ಎಳೆಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನು ಹೊರಗೆ ತಳ್ಳುತ್ತವೆ. ಎದೆ ಮಾಂಸ ಒಣಗುವುದು ಇಲ್ಲೇ. ತೊಡೆಯ ಕೊಲಾಜನ್ ಕರಗಿ ಜೆಲಟಿನ್ ಎಂಬ ಮೆತ್ತನೆಯ ಅಂಟು ಆಗಬೇಕಾದರೆ 80 ಡಿಗ್ರಿಯ ಆಸುಪಾಸು ಬೇಕು, ಸ್ವಲ್ಪ ಹೊತ್ತೂ ಬೇಕು. ಜೊತೆಗೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯಲು ಎಲ್ಲ ಕಡೆಯೂ 74 ದಾಟಲಿ ಎನ್ನುತ್ತಾರೆ. ‘200 ಡಿಗ್ರಿ, ಒಂದು ಗಂಟೆ’ ಎನ್ನುವ ರೆಸಿಪಿಗಳು ಈ ಜಗಳದ ಸುದ್ದಿಗೇ ಹೋಗುವುದಿಲ್ಲ!

ನಾಟಿ ಕೋಳಿಯನ್ನು ಇದಕ್ಕೆ ತರಬೇಡಿ. ಫಾರಂ ಕೋಳಿ ಆರೇಳು ವಾರದ ಮರಿ. ನಾಟಿ ಕೋಳಿಗೆ ತಿಂಗಳುಗಟ್ಟಲೆ ವಯಸ್ಸು. ವಯಸ್ಸಾದಂತೆ ಕೊಲಾಜನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಒಣ ಬಿಸಿಗೆ ಅವು ಜಗ್ಗುವುದಿಲ್ಲ. ಅದಕ್ಕೆ ಕುಕ್ಕರೇ ಸರಿ.

ನಮ್ಮ ಅತ್ತಿಗೆ ಮೊದಲ ಸಲ ಕೋಳಿ ರೋಸ್ಟ್ ಮಾಡಲು ಹೊರಟಾಗ ಮನೆಯಲ್ಲಿ ಎಲ್ಲರದ್ದೂ ಒಂದೇ ಸಲಹೆ: ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ದಪ್ಪಗೆ ಬಳಿ. ಅವರು ಬಳಿಯಲಿಲ್ಲ. ಬರೀ ಉಪ್ಪು ಸವರಿ, ಮುಚ್ಚದೆ ಒಂದು ರಾತ್ರಿ ಫ್ರಿಜ್‌ನ ಕೆಳಗಿನ ಶೆಲ್ಫಿನಲ್ಲಿಟ್ಟರು. ಉಪ್ಪು ಒಳಗಿಳಿಯುತ್ತದೆ, ಮಸಾಲೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಬೆಳಗ್ಗೆ ಚರ್ಮ ಮುಟ್ಟಿದರೆ ಕಾಗದದಂತೆ ಒಣಗಿತ್ತು. ಅದೇ ಬೇಕಿದ್ದದ್ದು. ಚಿಂತಾಮಣಿ ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ಚರ್ಮದಲ್ಲಿ ನೀರು ಇರುವಷ್ಟು ಹೊತ್ತು ಅದರ ಬಿಸಿ ಅಲ್ಲೇ ಎಲ್ಲೋ ತೊಡರಿಕೊಳ್ಳುತ್ತದೆ. ಕಂದು ಬಣ್ಣ, ಆ ಘಮ ಬರುವುದು ಸುಮಾರು 140 ದಾಟಿದ ಮೇಲೆ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿದಾಗ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು.

ಓಟಿಜಿ ಚಿಕ್ಕದು, ಮೇಲಿನ ರಾಡ್ ಎದೆಗೆ ತೀರಾ ಹತ್ತಿರ. ಥರ್ಮಾಮೀಟರ್ ಚುಚ್ಚಿದಾಗ ಎದೆ 66 ತೋರಿಸಿತು, ತೊಡೆ 64. ಅತ್ತಿಗೆ ಎದೆಯ ಮೇಲೆ ಮಾತ್ರ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಕಾಲುಗಳನ್ನು ಕಟ್ಟದೆ ಅಗಲಿಸಿ ಮತ್ತೆ ಒಳಗಿಟ್ಟರು. ಕಾಲು ಕಟ್ಟಿದರೆ ಫೋಟೋಗೆ ಚೆಂದ ಅಷ್ಟೇ, ತೊಡೆಯ ಸಂದಿಗೆ ಬಿಸಿ ಹೋಗುವುದು ತಡವಾಗುತ್ತದೆ. ಥರ್ಮಾಮೀಟರ್ ಚುಚ್ಚುವಾಗ ಮೂಳೆಗೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. ಮೂಳೆ ಪಕ್ಕದ ಕೆಂಪು ನೋಡಿ ಹಸಿ ಎಂದುಕೊಳ್ಳುವುದೂ ಸರಿಯಲ್ಲ. ಎಳೆ ಕೋಳಿಯ ಮೂಳೆಯಿಂದ ಮಜ್ಜೆಯ ಬಣ್ಣ ಸೋರಿ, ಪೂರ್ತಿ ಬೆಂದ ಮೇಲೂ ಹಾಗೆ ಕಾಣುತ್ತದೆ.

ಹೊರಗೆ ತೆಗೆದ ಮೇಲೂ ಬೇಯುವುದು ನಿಲ್ಲಲ್ಲ. ಹೊರಗಿನ ಬಿಸಿ ಒಳಕ್ಕೆ ಹರಿದು ಇನ್ನೂ ಮೂರು-ನಾಲ್ಕು ಡಿಗ್ರಿ ಏರುತ್ತದೆ. ಕಾಲು ಗಂಟೆ ಬಿಟ್ಟು ಕತ್ತರಿಸಿದರೆ ರಸ ಕಡಿಮೆ ಸೋರುತ್ತದೆ. ಟ್ರೇಯಲ್ಲಿ ಇಳಿದದ್ದನ್ನು ಚೆಲ್ಲಬೇಡಿ, ಅದರಲ್ಲಿ ತೊಡೆಯಿಂದ ಕರಗಿದ ಜೆಲಟಿನ್ ಇರುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಅತ್ತಿಗೆ ಅದನ್ನು ಬಿಸಿ ಇರುವಾಗಲೇ ಬಟ್ಟಲಿಗೆ ಬಗ್ಗಿಸಿ, ಕಾಳುಮೆಣಸಿನ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ ಅನ್ನಕ್ಕೆ ಹಾಕಿಕೊಟ್ಟರು.